ಮಗು ಮಿಸುಕದ ದಿನ

೧೨-೭-೧೯೬೭

ತಂಗಿ ಗುತ್ಯಮ್ಮನಿಗೆ,

ಅಣೆಕಟ್ಟಿನ ಮುಳುಗಡೆಯಲ್ಲಿ ಊರು ಬಿಟ್ಟು ಹೋದ ಮೇಲೆ ನೀವೆಲ್ಲ ಎಲ್ಲಿದ್ದೀರೋ ಗೊತ್ತಿಲ್ಲ. ಗೊತ್ತಿದ್ದರೂ ಇದನ್ನು ಕಳಿಸುವ ಧೈರ್ಯ ನನಗಿಲ್ಲ.

ಸೋಮವಾರ ಬೆಳಿಗ್ಗೆ ನಾನು ಸಸಿ ನೆಡುತ್ತಿದ್ದಾಗ ಸೊಸೆ ಬಂಗಾರಿ ಗದ್ದೆಯ ಹತ್ತಿರ ಬಂದಳು. ಅವಳಿಗೆ ಒಂಬತ್ತು ತಿಂಗಳು ತುಂಬಿತ್ತು.

"ಅತ್ತೆ, ನಿನ್ನೆಯಿಂದ ಮಗು ಅಷ್ಟಾಗಿ ಮಿಸುಕ್ತಾ ಇಲ್ಲ" ಅಂದಳು.

"ಹೆರಿಗೆ ಹತ್ರ ಬಂದಾಗ ಕೂಸು ಸುಮ್ನಿರ್ತದೆ, ಹೋಗಿ ಮಲಕ್ಕೋ" ಅಂದಳು ನನ್ನ ಜೊತೆ ನೆಡುತ್ತಿದ್ದ ಪಕ್ಕದ ಮನೆ ಜಲಜಮ್ಮ. ಅಂದು ತುಂಬು ಬಸುರಿಯಾಗಿದ್ದ ನೀನು ಹೀಗೇ ಬಂದು ಹೇಳಿದಾಗ ನಾನು ಅಂದದ್ದೂ ಅದೇ ಮಾತು. ಎರಡು ದಿನದ ಮೇಲೆ ನಿನ್ನ ಗಂಡುಕೂಸು ಉಸಿರಿಲ್ಲದೆ ಹುಟ್ಟಿತು. ಆಮೇಲೆ ನೀನು ನನ್ನ ಮನೆಗೆ ಬರಲಿಲ್ಲ.

ನಾನು ಜಲಜಮ್ಮನ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ಕೆಸರುಗಾಲಲ್ಲೇ ಬಂಗಾರಿಯನ್ನು ಕರಕೊಂಡು ಹೊಸನಗರದ ಬಸ್ಸು ಹತ್ತಿದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊಟ್ಟೆಗೆ ಕೊಳವೆ ಇಟ್ಟು ಬಹಳ ಹೊತ್ತು ಆಲಿಸಿದರು. ಸಂಜೆಯೊಳಗೆ ಹೆರಿಗೆ ಮಾಡಿಸಿದರು. ಹೆಣ್ಣುಮಗು. ಮೈ ನೀಲಿಗಟ್ಟಿತ್ತು, ಉಜ್ಜಿ ಉಜ್ಜಿ ಅಳುವಂತೆ ಮಾಡಿದರು.

"ಇನ್ನೊಂದು ದಿನ ಕಾದಿದ್ರೆ ಕೂಸು ಉಳೀತಿರಲಿಲ್ಲ" ಅಂದರು ಡಾಕ್ಟರಮ್ಮ. "ಮಿಸುಕಾಟ ಕಮ್ಮಿಯಾದ್ರೆ ಕೂಡ್ಲೇ ಬರಬೇಕು ಅಂತ ನಿಮಗೆ ಯಾರು ಹೇಳಿಕೊಟ್ರು?"

"ನನ್ನ ತಂಗಿ" ಅಂದೆ.