ಯುದ್ಧದಾಟಕ್ಕೆ ಗಟ್ಟಿಮೇಳ

ಬುಕ್ಕಾಂಬುಧಿ
ಶನಿವಾರ, ೮ ನವೆಂಬರ್ ೨೦೨೫

ಪ್ರೀತಿಯ ಮಗ ಹಾಲೇಶನಿಗೆ ನಿನ್ನವ್ವನ ಆಶೀರ್ವಾದ.

ಆರೋಗ್ಯವಾಗಿದ್ದೀಯ ತಾನೆ? ಗಡಿಯ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಊಟ ಸೇರುತ್ತಿದೆಯೆ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಸೈನ್ಯಕ್ಕೆ ಸೇರಿದ ಈ ಆರು ವರ್ಷದಲ್ಲಿ ನೀನು ಫೋನಿನಲ್ಲಿ ಎಲ್ಲದಕ್ಕೂ "ಚೆನ್ನಾಗಿದೀನಿ ಕಣವ್ವ" ಎಂದು ಒಂದೇ ಉತ್ತರ ಕೊಡುವುದನ್ನು ಕಲಿತುಬಿಟ್ಟಿದ್ದೀಯ. ನಾವು ಇಲ್ಲಿ ಕ್ಷೇಮ. ಕೆರೆಗೆ ನೀರು ಬಂದಿದೆ, ರಾಗಿ ತೆನೆ ಕಟ್ಟಿದೆ.

ನಿನ್ನ ತಂಗಿ ಗಾನವಿಗೆ ಹೊಸ ಹುಚ್ಚು ಹಿಡಿದಿದೆ. ತರೀಕೆರೆಯಿಂದ ಕಾಲೇಜು ಮುಗಿಸಿ ಬಂದವಳೇ ಕಂಪ್ಯೂಟರಿನಲ್ಲಿ ಯುದ್ಧದ ಆಟ ಆಡುತ್ತಾಳೆ, ಆಡಿದ್ದನ್ನು ವಿಡಿಯೊ ಮಾಡಿ ಲೋಕಕ್ಕೆಲ್ಲ ತೋರಿಸುತ್ತಾಳೆ. ಆಟದ ಜೊತೆ ಬರುವ ಸಂಗೀತ ಬೇರೆಯವರ ಸ್ವತ್ತಂತೆ, ಅದನ್ನು ಹಾಕಿದರೆ ವಿಡಿಯೊ ತೆಗೆದುಹಾಕುತ್ತಾರಂತೆ. ಅದಕ್ಕೆ ನಿಮ್ಮಪ್ಪ ಊದಿದ ನಾದಸ್ವರದ ಹಳೆಯ ಕ್ಯಾಸೆಟ್ಟುಗಳನ್ನು ಅಟ್ಟದಿಂದ ಇಳಿಸಿದ್ದಾಳೆ. ನಲವತ್ತು ವರ್ಷ ಮದುವೆಮನೆಗಳಲ್ಲಿ ಓಲಗ ಊದಿದ ಮನುಷ್ಯ ಈಗ ಟ್ಯಾಂಕಿಗೆ ಯಾವ ರಾಗ, ವಿಮಾನಕ್ಕೆ ಯಾವ ರಾಗ ಎಂದು ಆರಿಸಿಕೊಡುತ್ತಾ ಕೂತಿದ್ದಾರೆ.

ಮೊದಮೊದಲು ನನಗೂ ತಮಾಷೆಯಾಗಿಯೇ ಇತ್ತು. ಕದನಕುತೂಹಲ ಎಂಬ ಹೆಸರು ನೋಡಿ ಗಾನವಿ ಅದೇ ರಾಗ ಬೇಕೆಂದು ಹಟ ಹಿಡಿದಳು. "ಹೆಸ್ರು ನೋಡಿ ಹೆಣ್ಣು ತತ್ತಾರೇನೇ? ಅದು ಕುಣಿಯೋ ರಾಗ ಕಣೇ. ಸಾಯೋರ ಮುಂದೆ ಕುಣಿಸ್ತೀಯಾ?" ಎಂದು ನಿಮ್ಮಪ್ಪ ಬೈದರು. ಟ್ಯಾಂಕು ಹೊರಟರೆ ನಾಟ, ಎದುರುಬದುರು ಗುಂಡು ಹಾರಿದರೆ ಅಠಾಣ, ಕೊನೆಗೆ ಬಿದ್ದವರನ್ನು ತೋರಿಸುವಾಗ ಮುಖಾರಿ. ಮುಖಾರಿ ಶುರುವಾದರೆ ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ. ಮಗನನ್ನು ಗಡಿಗೆ ಕಳಿಸಿದವಳಿಗೆ ಅದನ್ನು ಆಟವೆಂದು ನೋಡಲು ಆಗುವುದಿಲ್ಲ.

ಆದರೆ ಮೂರು ಭಾನುವಾರದಿಂದ ನನಗೆ ಅನುಮಾನ ಹತ್ತಿದೆ. ನಿನ್ನ ಫೋನು ಬರುವ ನಾಲ್ಕು ಗಂಟೆಗೇ ಇವರ ಯುದ್ಧವೂ ಶುರುವಾಗುತ್ತದೆ. ನಿಮ್ಮಪ್ಪ ಫೋನು ಹಿಡಿದು ಜಗಲಿಯ ಮೂಲೆಗೆ ಹೋದ ತಕ್ಷಣ ಗಾನವಿ ಸ್ಪೀಕರ್ ಜೋರು ಮಾಡುತ್ತಾಳೆ. ಯಾವುದು ಬರುತ್ತದೆ ಗೊತ್ತೆ? ಗಟ್ಟಿಮೇಳ. ತಾಳಿ ಕಟ್ಟುವ ಹೊತ್ತಿಗೆ ಯಾರೋ ಸೀನಿದ್ದು, ಅಪಶಕುನದ ಮಾತಾಡಿದ್ದು ಗಂಡು ಹೆಣ್ಣಿನ ಕಿವಿಗೆ ಬೀಳಬಾರದೆಂದು ಡೋಲು ನಾದಸ್ವರ ಒಟ್ಟಿಗೆ ಎತ್ತುತ್ತಾರಲ್ಲ, ಅದು. ಮುಹೂರ್ತವಿಲ್ಲದ ಕಡೆ ಗಟ್ಟಿಮೇಳ ಊದುವುದಿಲ್ಲವೆಂದು ಅಜ್ಜಂಪುರದ ಒಂದು ಸನ್ಮಾನ ಸಮಾರಂಭದಿಂದಲೇ ನಾದಸ್ವರ ಚೀಲಕ್ಕಿಟ್ಟುಕೊಂಡು ಎದ್ದುಬಂದ ಮನುಷ್ಯ ಅವರು. ಅಂಥವರು ಹೆಣ ಬೀಳುವ ಆಟಕ್ಕೆ ಅದನ್ನು ಆರಿಸಿದ್ದಾರೆಂದರೆ ನಾನು ಹೇಗೆ ನಂಬಲಿ? ಯಾವುದೋ ಮಾತು ಯಾರದೋ ಕಿವಿಗೆ ಬೀಳಬಾರದು, ಅಷ್ಟೆ. ಮನೆಯಲ್ಲಿ ಉಳಿದಿರುವುದು ನನ್ನ ಕಿವಿ ಮಾತ್ರ. ಅದಕ್ಕೇ ಈ ಕಾಗದ. ಇದಕ್ಕೆ ಯಾರ ಗಟ್ಟಿಮೇಳವೂ ಅಡ್ಡ ಬರುವುದಿಲ್ಲ.

ಕೇಳಿದರೆ "ಆಟಕ್ಕೆ ರಭಸ ಬೇಕಿತ್ತು ಕಣೇ" ಎಂದು ಮುಖ ಆ ಕಡೆ ತಿರುಗಿಸುತ್ತಾರೆ. ಗಾನವಿಯನ್ನು ಕೇಳಿದರೆ ಅಪ್ಪನನ್ನೇ ಕೇಳು ಅನ್ನುತ್ತಾಳೆ. ನೀನೇನು ಕಡಿಮೆಯಿಲ್ಲ. ಮುಖ ತೋರಿಸಿಕೊಂಡು ಮಾತಾಡುತ್ತಿದ್ದವನು ಈಗ ಕ್ಯಾಮೆರಾ ಕೆಟ್ಟಿದೆ ಅನ್ನುತ್ತೀಯ. ಸಂಕ್ರಾಂತಿಗೆ ರಜೆ ಸಿಗುತ್ತದೆಯೆ ಎಂದರೆ ಮಾತು ಮರೆಸುತ್ತೀಯ. ಅಲ್ಲೇ ಯಾವಳನ್ನಾದರೂ ಮದುವೆಯಾಗಿಬಿಟ್ಟೆಯೇನೋ ಅಂದುಕೊಂಡೆ. ಹಾಗಿದ್ದರೆ ಹೇಳು, ಎರಡು ದಿನ ಬೈದು ಮೂರನೆಯ ದಿನ ಸೀರೆ ತೆಗೆದಿಡುತ್ತೇನೆ. ಆದರೆ ಮೊನ್ನೆ ನಿಮ್ಮಪ್ಪ ನಿನಗಿಷ್ಟದ ಅವರೆಕಾಳು ಸಾರಿನ ಮುಂದೆ ಕೂತು ಒಂದು ತುತ್ತೂ ಮುಟ್ಟದೆ ಕೈ ತೊಳೆದರು. ಮದುವೆಯ ಸುದ್ದಿಗೆ ಯಾರೂ ಊಟ ಬಿಡುವುದಿಲ್ಲ. ನನಗೆ ಭಯವಾಗಿದೆ ಮಗನೆ. ಏನೇ ಆಗಿರಲಿ, ಮುಚ್ಚಿಡದೆ ಬರಿ. ಹೆತ್ತವಳಿಗೇ ಎಲ್ಲರಿಗಿಂತ ಕೊನೆಗೆ ತಿಳಿಯಬೇಕೆಂಬುದು ಯಾವ ನ್ಯಾಯ?

ಮನೆಯವರ ನೆನಪುಗಳನ್ನು ಈ ಸಲ ತಿಳಿಸುತ್ತಿಲ್ಲ, ಅವರ ಪಾಲಿನದು ನಿನಗೆ ಫೋನಿನಲ್ಲಿ ಬೇಕಾದಷ್ಟು ತಲುಪುತ್ತಿದೆ. ನನ್ನ ಪಾಲಿನ ಆಶೀರ್ವಾದವಷ್ಟೂ ನಿನಗೇ ಇರಲಿ. ದೇವರು ನಿನ್ನ ಮೈ ಕಾಯಲಿ.

ನಿನ್ನ ಅವ್ವ,
ಸಾವಿತ್ರಮ್ಮ

ತಾ.ಕ.: ಭಾನುವಾರ ಸಂಜೆ ಬರೆಯುತ್ತಿದ್ದೇನೆ, ಲಕೋಟೆ ಇನ್ನೂ ಅಂಟಿಸಿರಲಿಲ್ಲ. ನಾಲ್ಕಕ್ಕೆ ಗಟ್ಟಿಮೇಳ ಎದ್ದಾಗ ನಾನು ಹೋಗಿ ಮೀಟರ್ ಬೋರ್ಡಿನ ಫ್ಯೂಸ್ ಕಿತ್ತೆ. ನಿಮ್ಮಪ್ಪ ದನಿ ತಗ್ಗಿಸುವಷ್ಟರಲ್ಲಿ ಕೇಳಿಸಿಬಿಟ್ಟಿತು: "ಗಾಡಿ ಮಗುಚಿದ್ದು ನಿನ್ ತಪ್ಪೇನಪ್ಪಾ? ಒಂದು ಕಾಲು ಹೋಯ್ತು, ಜೀವ ಉಳೀತಲ್ಲ. ನಿಮ್ಮವ್ವಂಗೆ ಹೆಂಗ್ ಹೇಳ್ಲೋ ನಾನು." ಅವರನ್ನು ಬೈಯಲಿಲ್ಲ. ಮೂವರೂ ಜಗಲಿಯಲ್ಲೇ ಕೂತು ಅತ್ತೆವು. ಆಸ್ಪತ್ರೆಯ ವಿಳಾಸ ಇಸಿದುಕೊಂಡಿದ್ದೇನೆ, ಕಾಗದವನ್ನು ಅಲ್ಲಿಗೇ ಸ್ಪೀಡ್ ಪೋಸ್ಟ್ ಮಾಡುತ್ತೇನೆ. ಶುಕ್ರವಾರ ಕಡೂರಿನಲ್ಲಿ ರೈಲು ಹತ್ತುತ್ತೇವೆ. ನನ್ನನ್ನು ಕಂಡಕೂಡಲೇ ಎದ್ದುಬಂದು ನಮಸ್ಕಾರ ಮಾಡುವ ಅಭ್ಯಾಸ ನಿನಗೆ. ಈ ಸಲ ಏಳಬೇಡ ಕಂದ. ಮಲಗಿದ್ದಲ್ಲೇ ಇರು, ನಾನೇ ಬಾಗುತ್ತೇನೆ.