ದೇವರ ಜೊತೆ ಠೂ ಬಿಟ್ಟ ಅಣ್ಣನಿಗೆ

ಮಾರ್ಚ್ 14, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣ,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯದಿದ್ದಕ್ಕೆ ಕೆಲಸದ ನೆಪ ಹೇಳಬಹುದು, ಆದರೆ ನನ್ನ ನೆಪಗಳೆಲ್ಲ ನಿನಗೆ ಬಾಯಿಪಾಠ. ಮೊದಲು ಬೈದುಕೋ, ಆಮೇಲೆ ಓದು. ಅತ್ತಿಗೆಯ ಮೊಣಕಾಲು ನೋವು ಹೇಗಿದೆ? ಪುಟ್ಟಿ ಈಗಲೂ ಲೆಕ್ಕದ ಮೇಷ್ಟರಿಗೆ ಹೆದರುತ್ತಾಳೆಯೇ? ನಾನು ನೋಡುವವರ ಕಣ್ಣಿಗೆ ಚೆನ್ನಾಗಿದ್ದೇನೆ.

ಅಮ್ಮ ಹೋದಮೇಲೆ ಪ್ರಾರ್ಥನಾ ಮಂದಿರದ ಬೀಗದಕೈ ವಾಪಸು ಕೊಟ್ಟುಬಿಟ್ಟೆ ಎಂದು ಬರೆದಿದ್ದೀಯ. "ಇಪ್ಪತ್ತು ದಿನ ಮಂಡಿಯೂರಿ ಕೇಳ್ಕೊಂಡೆ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು" ಅಂದಿದ್ದೀಯ. ದೇವರನ್ನು ಕೋಣ ಅಂದವನು ನೀನು! ಓದಿ ನಗು ಬಂತು, ಆಮೇಲೆ ಭಯವಾಯಿತು. ನಾನು ಕಾಲೇಜಿನಿಂದ ಜೀವಶಾಸ್ತ್ರದ ಪುಸ್ತಕ ತಂದ ದಿನ ನಾವಿಬ್ಬರೂ ಜಗಳಕ್ಕೆ ನಿಂತಾಗ ಅಮ್ಮ ಕೊಟ್ಟ ತೀರ್ಪು ನೆನಪಿದೆಯೇ? "ಮಂಗನಿಂದ ಬಂದೋಳು, ಮಣ್ಣಿನಿಂದ ಬಂದೋನು, ಇಬ್ರೂ ಕೈ ತೊಳ್ಕೊಂಡು ಊಟಕ್ಕೆ ಬನ್ನಿ."

ನನ್ನ ಕೆಲಸ ಗೊತ್ತಲ್ಲ. ಆಸ್ಪತ್ರೆಯ ನೆಲಮಾಳಿಗೆ, ಕಿಟಕಿ ಇಲ್ಲದ ಕೋಣೆ, ಒಂದರ ಹಿಂದೊಂದು ಎರಡು ಬಾಗಿಲು. ಒಂದನ್ನು ಮುಚ್ಚದೆ ಇನ್ನೊಂದನ್ನು ತೆಗೆಯುವಂತಿಲ್ಲ. ರೋಗಿಯ ಮೈಯಿಂದ ಬಂದ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಿ, ಮೇಲೆ ಔಷಧದ ಪುಟ್ಟ ಬಿಲ್ಲೆಗಳನ್ನು ಇಡುತ್ತೇನೆ. ಔಷಧ ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ಖಾಲಿ ವೃತ್ತ ಮೂಡುತ್ತದೆ. ಅಮ್ಮನ ತಟ್ಟೆಯಲ್ಲಿ ಒಂದು ವೃತ್ತವೂ ಇರಲಿಲ್ಲ.

ನಮ್ಮಲ್ಲಿ ಕಸ ಗುಡಿಸುವ ಅಕ್ಕ ಅದನ್ನು ನೋಡಿ, "ಇದನ್ನೂ ದೇವ್ರೇ ಮಾಡಿದ್ನಾ?" ಎಂದಳು.

"ಯಾರೂ ಕೂತು ಮಾಡಿದ್ದಲ್ಲ ಅಕ್ಕ. ಔಷಧಕ್ಕೆ ಸಾಯದೆ ಉಳಿದವು ಮರಿ ಹಾಕ್ತವೆ, ಆ ಮರಿಗಳೂ ಸಾಯಲ್ಲ. ಅಷ್ಟೇ."

"ನಾವೂ ಹೀಗೇ ಬಂದಿದ್ದಾ?"

"ಹೂಂ, ಹೀಗೇ."

"ಪಾಪ, ಹಾಗಾದ್ರೆ ದೇವ್ರ ಕೈನೂ ಕಟ್ಟಿದೆ ಅನ್ನು," ಎಂದು ಬಕೆಟ್ ಎತ್ತಿಕೊಂಡು ಹೋದಳು.

ಇವರನ್ನು ಉಳಿಸು, ಅವರನ್ನು ಬಿಡು ಎಂದು ಮೇಲೆ ಕೂತು ಆರಿಸುವ ದೇವರು ನನಗೆ ಯಾವ ತಟ್ಟೆಯಲ್ಲೂ ಸಿಕ್ಕಿಲ್ಲ ಅಣ್ಣ. ಆದರೆ ಕೋಟಿ ಕೋಟಿ ವರ್ಷ ಸತ್ತು, ಉಳಿದು, ಸೋಸಿ ಬಂದ ಜೀವವೊಂದು ಇನ್ನೊಂದು ಜೀವಕ್ಕಾಗಿ ಇಪ್ಪತ್ತು ದಿನ ಮಂಡಿಯೂರಿತಲ್ಲ? ಅದನ್ನು ದೇವರು ಎನ್ನುವುದಾದರೆ ನನ್ನ ತಕರಾರಿಲ್ಲ. ಹೋಗಿ ಬೀಗದಕೈ ಇಸಿದುಕೋ. ಅಮ್ಮನನ್ನು ಕೊಂದದ್ದು ಅವನಲ್ಲ.

ಮನೆಗೆ ಬಂದವರೆಲ್ಲ "ದೇವರ ಇಚ್ಛೆ" ಅನ್ನುತ್ತಾರೆ. ನಾನೂ ತಲೆಯಾಡಿಸುತ್ತೇನೆ. ಆ ಮಾತು ನಂಬಿದರೆ ಎಷ್ಟು ಸುಲಭವಾಗಿ ಹೊರಗೆ ಬರಬಹುದು! ನನ್ನಿಂದ ಆಗುತ್ತಿಲ್ಲ. ಕೆಲವು ದಿನ ಆ ಎರಡು ಬಾಗಿಲುಗಳ ನಡುವಿನ ಮೂರಡಿ ಜಾಗದಲ್ಲಿ, ಯಾವುದನ್ನೂ ತೆಗೆಯದೆ ನಿಂತುಬಿಡುತ್ತೇನೆ. ಹಿಂದಿನಿಂದ ಬಂದವರು ಗಾಜು ಬಡಿಯುತ್ತಾರೆ.

ಅಮ್ಮನ ಕೋಣೆ ಖಾಲಿ ಮಾಡಿದೆ. ಕನ್ನಡಕ, ಹೊಲಿಗೆ ಕತ್ತರಿ ನಿನಗೆ ಕಳಿಸುತ್ತೇನೆ. ಅವಳ ಗುಂಡಿ ಡಬ್ಬಿ ಗೊತ್ತಲ್ಲ, ಗುಂಡಿ, ಪಿನ್ನು, ಉಳಿದ ಮಾತ್ರೆ ಎಲ್ಲ ಅದರಲ್ಲೇ, ಏನನ್ನೂ ಎಸೆದವಳಲ್ಲ. ಅದನ್ನು ಮಾತ್ರ ಕೇಳಬೇಡ.

ಅತ್ತಿಗೆ ಮೆಟ್ಟಿಲು ಹತ್ತದಿರಲಿ. ಪುಟ್ಟಿಗೆ ಅತ್ತೆಯ ಆಶೀರ್ವಾದ. ಲೆಕ್ಕ ತಪ್ಪಿದರೆ ತಪ್ಪಿತು ಎಂದು ಗಟ್ಟಿಯಾಗಿ ಹೇಳುವ ಧೈರ್ಯ ಅವಳಿಗೆ ಬರಲಿ.

ನಿನ್ನ,
ಮಂಗನಿಂದ ಬಂದ ತಂಗಿ

ತಾ.ಕ.: ಅಮ್ಮನಿಗೆ ಮೊದಲು ಬಂದದ್ದು ಬರೀ ಉರಿಮೂತ್ರ, ಸಣ್ಣ ಜ್ವರ. ಡಾಕ್ಟರು ಏಳು ದಿನಕ್ಕೆ ಮಾತ್ರೆ ಬರೆದಿದ್ದರು. ಮೂರನೇ ದಿನ, "ಹೊಟ್ಟೆ ತೊಳಸ್ತದೆ ಕಣೇ. ಜ್ವರ ಬಿಡ್ತಲ್ಲ, ನಿಲ್ಲಿಸ್ಲಾ?" ಎಂದು ಕೇಳಿದಳು. ನಾನು ಕೆಲಸಕ್ಕೆ ಹೊರಟಿದ್ದೆ. ಚಪ್ಪಲಿ ಮೆಟ್ಟುತ್ತಾ, "ಸಾಕು ಬಿಡಮ್ಮ" ಎಂದೆ. ಉಳಿದವು ಡಬ್ಬಿಗೆ ಹೋದವು. ಆಮೇಲೆ ಮೈ ಬಿಸಿಯಾದಾಗಲೆಲ್ಲ ಅದರಿಂದಲೇ ಎರಡೆರಡು ತೆಗೆದು ಕೊಟ್ಟವಳೂ ನಾನೇ. ಸಾಯದೆ ಉಳಿದವು ಹೇಗೆ ಬೆಳೆಯುತ್ತವೆ ಎಂದು ದಿನವೂ ನೋಡುವವಳು ನಾನು, ಅಣ್ಣ. ನೀನು ತಪ್ಪು ಮಾಡಿದರೆ ಕ್ಷಮಿಸು ಎನ್ನಲು ನಿನಗೆ ಅವನಿದ್ದಾನೆ. ನನಗೆ ಇರುವುದು ನೀನೊಬ್ಬನೇ.