ಪೇಪರಿನಲ್ಲಿ ಹಾಡಿದ ರಾಣಿ

೧೩-೨-೫೭, ಬುಧವಾರ. ಪುತ್ತೂರು.
ಉಪ್ಪುನೀರು ಮೂರು ಸಲ. ಕರಿಮೆಣಸು ಜಗಿದದ್ದೂ ಆಯಿತು. ಮೇಲಿನ ಸ್ವರ ಹತ್ತುವುದೇ ಇಲ್ಲ. ಹನ್ನೊಂದು ವರ್ಷದಿಂದ ಈ ನಾಟಕ ಕಂಪೆನಿಯ ರಾಣಿ ನಾನೇ. ಮಾಲಕರು ಇವತ್ತು ಎಲ್ಲರೆದುರೇ ಹೇಳಿಬಿಟ್ಟರು— "ಅಚ್ಚುತ, ಶನಿವಾರ ಶೋಕದ ಪದದಲ್ಲಿ ಸ್ವರ ಒಡೆದರೆ ಪಾತ್ರ ರಾಧಾಕೃಷ್ಣನಿಗೆ. ನೀನು ಪರದೆ ಎಳೆಯುದು."
ಬೇರೆ ಕೆಲಸ ನನಗೆ ಬರುವುದಿಲ್ಲ.

೧೫-೨, ಶುಕ್ರವಾರ.
ಸಾಹುಲ್ ಹಮೀದರ ಪೇಪರ್ ಅಂಗಡಿಗೆ ಹೋದೆ. ಭಾನುವಾರದ ವಾರಪತ್ರಿಕೆಗೆ ಇಲ್ಲಿಯ ಬಾತ್ಮೀದಾರರೂ ಅವರೇ. ಶನಿವಾರದ ನಾಟಕದ ವಿಮರ್ಶೆಯನ್ನು ಶುಕ್ರವಾರವೇ ಬರೆದಿಡುತ್ತಾರೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಮಂಗಳೂರಿನ ಪ್ರೆಸ್ಸಿಗೆ ಹೋಗಬೇಕಲ್ಲ. ನಮಗೆಲ್ಲ ಗೊತ್ತಿದ್ದದ್ದೇ.
"ನನ್ನ ಬಗ್ಗೆ ಸ್ವಲ್ಪ ಜಾಸ್ತಿ ಬರೀರಿ, ಸಾಯ್ಬ್ರೆ."
"ಎಂತ ಮಾರಾಯ, ಸ್ವರ ಸರಿ ಉಂಟಲ್ಲ?"
"ಉಂಟು" ಅಂದೆ.
ಪೇಪರಿನಲ್ಲಿ ಹೊಗಳಿಕೆ ಬಂದವನನ್ನು ಮಾಲಕರು ಸುಲಭಕ್ಕೆ ತೆಗೆಯಲಾರರು...

೧೭-೨, ಭಾನುವಾರ.
ನಿನ್ನೆ ಎರಡನೇ ಸಾಲಿಗೇ ಸ್ವರ ಒಡೆಯಿತು. ಸಿಳ್ಳೆ. ಪರದೆ ಬಿತ್ತು. ನನ್ನ ಸೀರೆ ಬಿಚ್ಚಿಸಿ ರಾಧಾಕೃಷ್ಣನಿಗೆ ಉಡಿಸಿದರು.
ಬೆಳಿಗ್ಗೆ ಹೋಟೆಲಿನಲ್ಲಿ ಒಬ್ಬ ಪೇಪರು ಹಿಡಿದು ದೊಡ್ಡದಾಗಿ ಓದಿದ: "ಅಚ್ಚುತ ಅವರ ಶೋಕಗೀತೆಗೆ ಕಣ್ಣೊರೆಸಿಕೊಳ್ಳದವರೇ ಇರಲಿಲ್ಲ." ಇಡೀ ಹೋಟೆಲು ನಕ್ಕಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ನಾಚಿಕೆಯಿಂದ ಸತ್ತೇ ಹೋದೆ.
ಮಾಲಕರು ಬೈಯಲಿಲ್ಲ. ಪರದೆಯ ಹಗ್ಗ ತೋರಿಸಿದರು, ಅಷ್ಟೆ.

೨೭-೨, ಬುಧವಾರ.
ಹಗ್ಗ ಎಳೆದು ಅಂಗೈಯಲ್ಲಿ ಬೊಕ್ಕೆ. ಪೆನ್ನು ಹಿಡಿಯಲಾಗುತ್ತಿಲ್ಲ.
ಒಂದು ಹುಚ್ಚು ಕೆಲಸ ಮಾಡಿದೆ. ಆ ಪೇಪರಿನ ತುಂಡು ಕತ್ತರಿಸಿ ಕಲ್ಲುಗುಂಡಿಗೆ, ಅವ್ವನಿಗೆ ಕಳಿಸಿದೆ. ಸೀರೆ ಉಟ್ಟು ಕುಣಿಯುವವ ನನ್ನ ಮಗನಲ್ಲ ಅಂದವಳು, ಹನ್ನೊಂದು ವರ್ಷ ಮಾತಿಲ್ಲ. ಜೊತೆಗೆ ನಾನು ಕಾಗದ ಬರೆಯಲಿಲ್ಲ. ತುಂಡು ಮಾತ್ರ. ಒಬ್ಬಳಾದರೂ ನಂಬಲಿ ಎಂದು.

೭-೩, ಗುರುವಾರ.
ಕಾರ್ಡು! ಅವ್ವನ ಪರವಾಗಿ ಅಂಗಡಿ ಹಸನಬ್ಬ ಬರೆದದ್ದು. "ನಿನ್ನ ಅವ್ವ ಪೇಪರಿನ ತುಂಡು ನನ್ನಿಂದ ಮೂರು ಸಲ ಓದಿಸಿದರು. ಮತ್ತೆ ಕೂತು ಅತ್ತರು. ಶನಿವಾರದ ಬಸ್ಸಿಗೆ ಬರ್ತಾರಂತೆ. ಎದುರಿನ ಸಾಲಿನಲ್ಲಿ ಕೂರಿಸಬೇಕಂತೆ."
ಮಾಲಕರ ಕಾಲು ಹಿಡಿದೆ. ಒಂದೇ ಒಂದು ಆಟಕ್ಕೆ ಪಾತ್ರ ಕೊಡಿ ಅಂದೆ. "ಹಾಡು ನೋಡುವ" ಅಂದರು. ಬಾಯಿ ತೆರೆದೆ. ಗಾಳಿ ಮಾತ್ರ ಬಂತು. ಮಾಲಕರು ಮುಖ ತಿರುಗಿಸಿಕೊಂಡರು.
ಬರಬೇಡ ಎಂದು ಬರೆದರೂ ಶನಿವಾರದೊಳಗೆ ತಲುಪದು. ಏನು ಮಾಡಲಿ, ದೇವರೇ?

೯-೩, ಶನಿವಾರ. ಸಂಜೆ ಆರೂವರೆ. ಪರದೆಯ ಮೂಲೆ.
ಬಂದಳು. ಬಸ್ಸಿನಿಂದ ಇಳಿದವಳೇ ಕೆನ್ನೆ ಮುಟ್ಟಿ ನೋಡಿದಳು. "ಎಷ್ಟು ಸಪುರ ಆಗಿದ್ದಿ ಮಗಾ, ಎಲುಬು ಕಾಣ್ತದೆ" ಅಂದಳು. ಆ ಪೇಪರಿನ ತುಂಡು ಎಲೆಯಡಿಕೆ ಸಂಚಿಯಲ್ಲಿ ಉಂಟು. ದಾರಿಯಲ್ಲಿ ಸಿಕ್ಕಿದವರಿಗೆಲ್ಲ ತೆಗೆದು ತೋರಿಸಿದಳು. ನಿಜ ಹೇಳಬೇಕೆಂದು ಬಾಯಿ ತೆರೆದೆ... ಗಂಟಲು ನೆಗಡಿಯಿಂದ ಕೂತಿದೆ, ಹಾಡುವಾಗ ಸರಿಯಾಗ್ತದೆ ಅಂದುಬಿಟ್ಟೆ. ರಾಧಾಕೃಷ್ಣ ನನ್ನಷ್ಟೇ ಎತ್ತರ. ಅವ್ವನ ಕಣ್ಣಿಗೆ ಪೊರೆ. ಬಣ್ಣದಲ್ಲಿ ಯಾರಾದರೇನು?
ಎದುರಿನ ಸಾಲಿನಲ್ಲಿ ಕೂರಿಸುವಾಗ ಅಂದೆ, "ಬಣ್ಣ ಹಚ್ಚಿದರೆ ನಿನಗೆ ನನ್ನ ಗುರುತು ಸಿಕ್ಲಿಕ್ಕಿಲ್ಲ ಅವ್ವ."
ಅವ್ವ ನಕ್ಕಳು. "ಮುಖ ಯಾರಿಗೆ ಬೇಕು? ಹೆತ್ತವಳಿಗೆ ಸ್ವರ ಕೇಳಿದರೆ ಗೊತ್ತಾಗುದಿಲ್ವಾ?"
ಪರದೆಯ ತೂತಿನಿಂದ ಕಾಣುತ್ತಿದ್ದಾಳೆ. ಸೆರಗು ಸರಿಮಾಡಿಕೊಂಡು, ಕಿವಿ ಈ ಕಡೆಗೆ ಇಟ್ಟು ಕೂತಿದ್ದಾಳೆ. ರಾಧಾಕೃಷ್ಣ ನನ್ನ ಸೀರೆಯಲ್ಲಿ ತಯಾರು. ನಾಟಕದ ಮೂರನೇ ಗಂಟೆಯೂ ಬಾರಿಸಿ ಆಯಿತು. ಮಾಲಕರು ಕೈ ತೋರಿಸುತ್ತಿದ್ದಾರೆ. ಹಗ್ಗ ಎಳೆಯಬೇಕು. ಎಳೆದರೆ—